ಹೊಟ್ಟಿನ ಕಿಚ್ಚು

ಗುರುಬಸವರಾಜ ಪೇಪರನ್ನು ಯಾವತ್ತೂ ಕೊನೆಯ ಪುಟದಿಂದ ಓದುವ ಮನುಷ್ಯ. ಆವತ್ತು ಮಾತ್ರ ನಡುವಿನ ಪುಟಕ್ಕೆ ಬಂದವನು ಅಲ್ಲಿಯೇ ನಿಂತುಬಿಟ್ಟ.

"ಬಸಮ್ಮಾ, ಇಲ್ನೋಡು. ನಿನ್ನ ಗೀತಾಂಜಲಿ ಪೇಪರ್‌ನಾಗ ಬಂದಾಳ."

ಕೊಟ್ರಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಗರಿಬೊಮ್ಮನಹಳ್ಳಿಯ ಪಿಯು ಕಾಲೇಜಿನಲ್ಲಿ ಫಿಜಿಕ್ಸ್ ಹೇಳುವ ಮೇಡಂ ಆದರೂ, ರೊಟ್ಟಿಯನ್ನು ಬೇರೆಯವರ ಕೈಗೆ ಬಿಟ್ಟವಳಲ್ಲ.

"ಯಾವ ಗೀತಾಂಜಲಿ?" ಅಂದಳು, ಗೊತ್ತಿದ್ದೂ.

"ಇಟ್ಟಿಗಿ ಹೈಸ್ಕೂಲಿನ ಟೀಚರು. ನಿನ್ನ ಕೈಯಾಗ ಓದಿದಾಕಿ. 'ಗಾಜಿನ ಜಾಡಿಯಲ್ಲಿ ಸೂರ್ಯನ ಶಕ್ತಿ' ಅಂತ ಬರದಾರ. ಫೋಟೋನೂ ಐತಿ, ಚಂದ ಬಂದಾಳ."

ಕೈಯಲ್ಲಿದ್ದ ರೊಟ್ಟಿ ಹರಿಯಿತು. ಹಿಟ್ಟನ್ನು ಮತ್ತೆ ಮುದ್ದೆ ಮಾಡುತ್ತ "ಪೂರ್ತಿ ಓದ್ರಿ" ಅಂದಳು.

ಅವನು ಓದಿದ. ಉಪ್ಪು ಬೆರೆಸಿದ ನೀರಿನಲ್ಲಿ ನಿಕ್ಕಲ್ ತಂತಿ ಇಳಿಬಿಟ್ಟು ಕರೆಂಟು ಹರಿಸಿದ್ದಾರೆ. ಹಾಕಿದ ಕರೆಂಟಿನ ಲೆಕ್ಕಕ್ಕಿಂತ ಹೆಚ್ಚು ಬಿಸಿ ಬರುತ್ತಿದೆ. ಇದೇ ಕೋಲ್ಡ್ ಫ್ಯೂಜನ್, ಅಂದರೆ ತಣ್ಣನೆಯ ಸಮ್ಮಿಳನ ಇರಬಹುದೆಂದು ಶಿಕ್ಷಕಿಯ ನಂಬಿಕೆ. ಬರುವ ತಿಂಗಳು ಹಡಗಲಿಯಲ್ಲಿ ನಡೆಯುವ ವಿಜ್ಞಾನ ಶಿಕ್ಷಕರ ಸಭೆಯಲ್ಲಿ ಅವರು ಇದನ್ನು ಎಲ್ಲರ ಮುಂದೆ ತೋರಿಸಲಿದ್ದಾರೆ. ಕೊಟ್ರಬಸಮ್ಮ ಕಿವಿ ನೆಟ್ಟಗೆ ಮಾಡಿ ಕೂತಿದ್ದು ಒಂದೇ ಒಂದು ಹೆಸರಿಗೆ. ಅದು ಬರಲಿಲ್ಲ. ಬಂದಿದ್ದು ಇದು: ಇಂಟರ್ನೆಟ್‌ನಲ್ಲಿ ಓದಿ ಆಸಕ್ತಿ ಮೂಡಿತು ಎನ್ನುತ್ತಾರೆ ಗೀತಾಂಜಲಿ.

"ಅಷ್ಟೇನಾ?"

"ಅಷ್ಟ. ಇನ್ನೇನು ಬೇಕು?"

"ಏನಿಲ್ಲ."

ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿತ್ತು. ಗುರುಬಸವರಾಜ ಮೂಗು ಏರಿಸಿ ವಾಸನೆ ಹಿಡಿದ. "ಏನೋ ಹೊತ್ತೈತಿ. ರೊಟ್ಟಿನೋ ಹೊಟ್ಟಿನೋ ತಿಳೀವಲ್ದು."

ಇಂಟರ್ನೆಟ್ಟಂತೆ ಇಂಟರ್ನೆಟ್ಟು! ಈ ಕಥೆಯನ್ನು ಆ ಹುಡುಗಿಯ ಕಿವಿಗೆ ಮೊದಲು ಹಾಕಿದ್ದು ಕೊಟ್ರಬಸಮ್ಮನೇ. ಸೆಕೆಂಡ್ ಪಿಯುದಲ್ಲಿ, ಕಡೆಯ ಪೀರಿಯಡ್ಡಿನಲ್ಲಿ, ಪಾಠ ಮುಗಿದು ಹೊತ್ತು ಉಳಿದಿತ್ತು. ಸೂರ್ಯನೊಳಗೆ ಹೈಡ್ರೋಜನ್ ಪರಮಾಣುಗಳ ತಿರುಳು ಒಂದಕ್ಕೊಂದು ಬೆಸೆದು ಬೆಂಕಿ ಆಗುತ್ತದೆ, ಅದಕ್ಕೆ ಕೋಟಿಗಟ್ಟಲೆ ಡಿಗ್ರಿ ಕಾವು ಬೇಕು ಎಂದು ಹೇಳಿ, ಆಮೇಲೆ ದನಿ ತಗ್ಗಿಸಿ ಹೇಳಿದ್ದಳು: ಎಂಬತ್ತೊಂಬತ್ತರಲ್ಲಿ ಅಮೆರಿಕದ ಇಬ್ಬರು ರಸಾಯನ ಶಾಸ್ತ್ರದವರು ಅದನ್ನೇ ಮೇಜಿನ ಮೇಲೆ, ಗಾಜಿನ ಜಾಡಿಯಲ್ಲಿ, ತಣ್ಣಗೆ ಮಾಡಿದೆವು ಅಂದರು. ಲೋಕವೆಲ್ಲ ಎದ್ದು ಕೂತಿತು. ದೇಶದೇಶದಲ್ಲಿ ಜಾಡಿ ಇಟ್ಟು ನೋಡಿದರು. ಬಂತು ಅಂದವರು ಕೆಲವರು, ಬರಲಿಲ್ಲ ಅಂದವರು ಬಹಳ ಜನ. ಕಡೆಗೆ ಅವರಿಬ್ಬರ ಹೆಸರು ಕೆಟ್ಟುಹೋಯಿತು. ಆದರೂ ಅಲ್ಲೊಬ್ಬರು ಇಲ್ಲೊಬ್ಬರು ಇವತ್ತಿಗೂ ಬಿಟ್ಟಿಲ್ಲ.

ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಆ ಎಂಬತ್ತೊಂಬತ್ತರಲ್ಲಿ ಕೊಟ್ರಬಸಮ್ಮ ಹರಪನಹಳ್ಳಿಯಲ್ಲಿ ಬಿಎಸ್ಸಿ ಓದುತ್ತಿದ್ದಳು. ರೇಡಿಯೋದಲ್ಲಿ ಸುದ್ದಿ ಕೇಳಿದ ಮರುದಿನವೇ ಒಂದು ಉಪ್ಪಿನಕಾಯಿ ಜಾಡಿ ತೊಳೆದು ಒಣಗಿಸಿದ್ದಳು. ಬ್ಯಾಟರಿ ಕೇಳಲು ಹೋದಾಗ ಮೇಷ್ಟ್ರು "ಮೊದ್ಲು ಲ್ಯಾಬಿನಾಗ ಟೈಟ್ರೇಶನ್ ಸರಿಯಾಗಿ ಮಾಡವ್ವ" ಅಂದರು, ಕ್ಲಾಸೆಲ್ಲ ನಕ್ಕಿತು. ಮನೆಯವರು ಜಾಡಿಗೆ ಮತ್ತೆ ಉಪ್ಪಿನಕಾಯಿ ತುಂಬಿದರು. ಅಲ್ಲಿಗೆ ಆ ಮಾತು ಮುಗಿಯಿತು ಅಂತ ಇಷ್ಟು ವರ್ಷ ಅಂದುಕೊಂಡಿದ್ದಳು. ಈಗ ನೋಡಿದರೆ ಮುಗಿದಿರಲಿಲ್ಲ. ಗೀತಾಂಜಲಿ ಇಟ್ಟದ್ದು ತನ್ನ ಜಾಡಿ ಅನ್ನಿಸಿತು.

ಎರಡು ದಿನಕ್ಕೆ ಶಿಕ್ಷಕರ ಸಂಘದ ಶ್ರೀನಿವಾಸ ಫೋನ್ ಮಾಡಿದ. "ಮೇಡಂ, ಹಡಗಲಿ ಸಭೆಗೆ ಯೂನಿವರ್ಸಿಟಿಯಿಂದ ಪ್ರೊಫೆಸರು ಬರ್ತಾರ. ಅದಕ್ಕೂ ಮೊದ್ಲು ನಮ್ಮೋರೊಬ್ರು ಆ ಜಾಡಿ ನೋಡಿ ಹೌದು ಅಂತನೋ ಅಲ್ಲ ಅಂತನೋ ಹೇಳ್ಬೇಕು. ನಿಮ್ಮಷ್ಟು ಹಿರಿಯರು ನಮ್ಮ ಕಡಿ ಯಾರದಾರ್ರಿ?"

"ನೋಡಿದ್ರಾತು ಬಿಡು" ಅಂದಳು, ಬೇಸರದ ದನಿಯಲ್ಲಿ. ಫೋನ್ ಇಟ್ಟ ಮೇಲೆ ಮಾತ್ರ ಎದೆ ಹಗುರಾಯಿತು. ತಪ್ಪು ಇದ್ದೇ ಇರುತ್ತದೆ. ಹುಡುಕುವ ಹಕ್ಕು ಈಗ ತನ್ನ ಕೈಗೆ ಬಂದಿದೆ.

ಭಾನುವಾರ ಇಟ್ಟಿಗಿಗೆ ಹೋದಳು. ಗೀತಾಂಜಲಿಯ ಮಾವ ಜಂಬಣ್ಣ ಶೇಂಗಾ ಸುಲಿಯುವ ಮಿಲ್ಲು ಇಟ್ಟವನು. ಮನೆಯ ಒಂದು ಕಡೆ ಮಿಲ್ಲು, ಇನ್ನೊಂದು ಕಡೆ ಪಡಸಾಲೆ, ನಡುವೆ ಆಳೆತ್ತರ ಹೊಟ್ಟಿನ ಗುಡ್ಡೆ.

"ಬರ್ರಿ ಮೇಡಂನೋರ. ನಮ್ಮ ಸೊಸಿ ಸೂರ್ಯನ್ನ ಶೇಂಗಾ ಹೊಟ್ಟಿನಾಗ ಹುಗದಿಟ್ಟಾಳ. ನೋಡ್ರಿ, ಹುಷಾರು, ಕೈ ಸುಟ್ಟೀತು."

"ಸುಮ್ಕಿರ್ರಿ ಮಾವಾ" ಅಂತ ಗೀತಾಂಜಲಿ ನಗುತ್ತ ಬಂದು ಕಾಲು ಮುಟ್ಟಿದಳು. ಕಾಲು ಮುಟ್ಟಿಸಿಕೊಳ್ಳುವಾಗಲೂ ಕೊಟ್ರಬಸಮ್ಮನ ಕಣ್ಣು ಒಳಗಿನ ಮೇಜಿನ ಮೇಲಿತ್ತು.

ಎರಡು ಮರದ ಪೆಟ್ಟಿಗೆ. ಎರಡರ ನಡುವೆಯೂ ಒಂದೊಂದು ಗಾಜಿನ ಜಾಡಿ, ಜಾಡಿಯ ಕಾವು ಹೊರಗೆ ಹೋಗದ ಹಾಗೆ ಸುತ್ತಲೂ ಶೇಂಗಾ ಹೊಟ್ಟು ಒತ್ತಿ ತುಂಬಿದೆ. ಒಂದು ಜಾಡಿಯಲ್ಲಿ ನಿಕ್ಕಲ್ ತಂತಿ ಮತ್ತು ಉಪ್ಪು ಬೆರೆತ ನೀರು. ಗುಳ್ಳೆ ಏಳುತ್ತದೆ, ಗಾಳಿ ಹೋಗಲೆಂದು ಮುಚ್ಚಳದಲ್ಲಿ ಸಣ್ಣ ಕಂಡಿ. ಇನ್ನೊಂದು ಹೋಲಿಸಿ ನೋಡಲು ಇಟ್ಟದ್ದು: ಬರೀ ನೀರು, ಅದನ್ನು ಕಾಯಿಸಲು ಒಂದು ಸಾದಾ ತಂತಿ, ಬಿಗಿ ಮುಚ್ಚಳ. ಎರಡಕ್ಕೂ ಹರಿಯುವ ಕರೆಂಟು ಒಂದೇ ಅಳತೆಯದು. ಆದರೂ ನಿಕ್ಕಲ್ ಜಾಡಿ ನಾಲ್ಕೈದು ಡಿಗ್ರಿ ಹೆಚ್ಚು ಬಿಸಿ.

"ಮೊದ್ಲ ವಾರ ಎರಡೂ ಒಂದ ಇದ್ವು ಮೇಡಂ. ಆಮ್ಯಾಲೆ ಇದು ಏರಾಕ ಹತ್ತಿತು. ನಿಕ್ಕಲ್ ಒಳಗ ಹೈಡ್ರೋಜನ್ ತುಂಬಾಕ ದಿನ ಹಿಡಿತೈತಿ ಅಂತ ಹಳೇ ಪ್ರಯೋಗದೋರೂ ಬರದಾರಲ್ರಿ, ಹಂಗ."

ಕೊಟ್ರಬಸಮ್ಮ ಮೀಟರು ನೋಡಿದಳು. ತನ್ನದೇ ಥರ್ಮಾಮೀಟರು ತಂದಿದ್ದಳು, ಅದನ್ನೂ ಇಳಿಬಿಟ್ಟಳು. ತಂತಿ ಅದಲುಬದಲು ಮಾಡಿದಳು. ಉಪ್ಪು ತೂಗಿದಳು. ಹೊತ್ತು ಇಳಿಯುವ ತನಕ ನೋಡಿದರೂ ಒಂದು ತಪ್ಪು ಸಿಗಲಿಲ್ಲ. ಹುಡುಗಿ ಅಚ್ಚುಕಟ್ಟಾಗಿ ಮಾಡಿದ್ದಳು. ತಾನು ಕಲಿಸಿದ್ದಷ್ಟೇ ಅಚ್ಚುಕಟ್ಟು. ಅದು ಇನ್ನೂ ಚುಚ್ಚಿತು.

"ನಾನೂ ಮನ್ಯಾಗ ಒಂದು ಇಟ್ಟು ನೋಡ್ತೀನಿ. ಬ್ಯಾರೆ ಕಡೀನೂ ಬಂದ್ರ ಮಾತು ಬ್ಯಾರೆ."

"ಇಡ್ರಿ ಮೇಡಂ! ನಿಕ್ಕಲ್ ತಂತಿ ನಾನಾ ಕೊಡ್ತೀನಿ. ಹೊಟ್ಟೂ ಒಯ್ರಿ, ನಮ್ಮ ಮಿಲ್ಲಿಂದು, ಒಂದು ಚೀಲ."

ಕೇಳುವ ಮೊದಲೇ ಕೊಡುವವರನ್ನು ಕಂಡರೆ ಕೆಲವರಿಗೆ ಸಿಟ್ಟು ಬರುತ್ತದೆ. ಬಸ್ಸಿನಲ್ಲಿ ಹೊಟ್ಟಿನ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕೂತ ಕೊಟ್ರಬಸಮ್ಮನಿಗೆ ಅಂಥ ಸಿಟ್ಟು ಬಂದಿತ್ತು.

ಆ ಚೀಲವನ್ನು ಅವಳು ಬಿಚ್ಚಲಿಲ್ಲ. ಗುರುಬಸವರಾಜನ ಅಂಗಡಿಯಿಂದ ಥರ್ಮಾಕೋಲ್ ತರಿಸಿ, ಅದರಲ್ಲಿ ಜಾಡಿ ಕೂರಿಸಿದಳು. ಬಿಸಿ ಏರಲಿಲ್ಲ. ನಾಲ್ಕನೆಯ ದಿನಕ್ಕೆ ಬಿಚ್ಚಿ, ಅಡುಗೆಮನೆಯಿಂದ ಅಂಗಳಕ್ಕೆ ಕೇಳುವ ಹಾಗೆ ಕೂಗಿದಳು: "ಬರಲಿಲ್ಲ! ನಂದ್ರಾಗ ಏನೂ ಬರಲಿಲ್ಲ!"

"ಇಷ್ಟು ಖುಷಿ ನೀ ನಮ್ಮ ಮಗ ಹುಟ್ಟಿದಾಗೂ ಪಟ್ಟಿರಲಿಲ್ಲ ಬಿಡು" ಅಂದ ಗುರುಬಸವರಾಜ. "ಆಕಿಗೆ ಬೇಕಾದ್ದು ಆಕಿ ಜಾಡ್ಯಾಗ ಬಂತು. ನಿನಗ ಬೇಕಾದ್ದು ನಿನ್ನ ಜಾಡ್ಯಾಗ ಬಂತು. ಭಾರಿ ಜಾಣ ಜಾಡಿ."

ತಮಾಷೆಗೆ ಅಂದದ್ದು. ಆದರೂ ಆ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು. ಹಡಗಲಿಯಲ್ಲಿ ಎದ್ದು ನಿಂತು 'ಬರಲಿಲ್ಲ' ಅಂದರೆ ಗೀತಾಂಜಲಿ ಮೊದಲು ಕೇಳುವುದೇ, ಒಂದು ವಾರವಾದರೂ ಕಾದಿರಾ, ನಾನು ಮಾಡಿದ ಹಾಗೇ ಮಾಡಿದಿರಾ ಅಂತ. ಇಲ್ಲ ಅನ್ನಬೇಕಾಗುತ್ತದೆ. ಆಗ ಸಭೆ ಏನನ್ನುತ್ತದೆ? ಮೇಡಂಗೆ ಹೊಟ್ಟೆಕಿಚ್ಚು ಅನ್ನುತ್ತದೆ. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತು ಗಳಿಸಿದ್ದು ಅವಳಿಗೆ ಒಂದೇ: ಅವಳ ಮಾತನ್ನು ಜನ ನಂಬುತ್ತಿದ್ದರು. ಅದು ಹೋದರೆ ಉಳಿಯುವುದು ರೊಟ್ಟಿ ಅಷ್ಟೇ.

ಚೀಲ ಬಿಚ್ಚಿದಳು. ಇಟ್ಟಿಗಿಯಲ್ಲಿ ಇದ್ದ ಹಾಗೆಯೇ ಮರದ ಪೆಟ್ಟಿಗೆ, ಹೊಟ್ಟು, ಕಂಡಿಯ ಮುಚ್ಚಳ. ಮೊದಲ ಕೆಲವು ದಿನ ಏನೂ ಇಲ್ಲ. ವಾರ ಕಳೆಯಿತು, ಕಾವು ಏರಿತು. ಒಂದು ಡಿಗ್ರಿ, ಎರಡು, ಮೂರು.

ಹಾಗಾದರೆ ನಿಜ. ಹುಡುಗಿ ಹೇಳಿದ್ದು ನಿಜ. ಕೊಟ್ರಬಸಮ್ಮ ಸ್ಟೂಲಿನ ಮೇಲೆ ಕೂತಳು. ಕೂತವಳಿಗೆ, ಯಾರೂ ನೋಡದಿದ್ದರೂ, ಅಳು ಬಂದಂತಾಗಿ ನಗು ಬಂತು. ಎಂಬತ್ತೊಂಬತ್ತರ ಆ ಉಪ್ಪಿನಕಾಯಿ ಜಾಡಿ ತನ್ನ ಅಡುಗೆಮನೆಯಲ್ಲಿ ಬಿಸಿಯಾಗಿ ನಿಂತಿದೆ! ಆ ಒಂದು ಗಳಿಗೆ ಗೀತಾಂಜಲಿ ನೆನಪೇ ಇರಲಿಲ್ಲ.

ಸಂಜೆ ಕರೆಂಟು ತೆಗೆದಳು. ಬೆಳಿಗ್ಗೆ ನೋಡಿದರೆ ಜಾಡಿ ಇನ್ನೂ ಬೆಚ್ಚಗಿತ್ತು. ಕರೆಂಟು ತೆಗೆದ ಮೇಲೂ ಕಾವು ನಿಲ್ಲದ್ದನ್ನು ಹಳೆಯ ಪ್ರಯೋಗದವರೂ ಕಂಡಿದ್ದೆವು ಅಂದದ್ದು ಅವಳಿಗೆ ಗೊತ್ತು. ಜಾಡಿ ಎತ್ತಲೆಂದು ಹೊಟ್ಟಿನೊಳಗೆ ಕೈ ಇಳಿಸಿದಳು.

ಕೈ ಅಲ್ಲಿಯೇ ನಿಂತಿತು. ಜಾಡಿಯ ಪಕ್ಕದ ಹೊಟ್ಟು ಬೆಚ್ಚಗಿತ್ತು. ಆದರೆ ಜಾಡಿಯಿಂದ ದೂರ, ಮೂಲೆಯಲ್ಲಿ, ತಳದಲ್ಲಿ, ಇನ್ನೂ ಬಿಸಿ. ಬೆಂಕಿ ಒಲೆಯಲ್ಲಿದ್ದರೆ ಒಲೆಗಿಂತ ಗೋಡೆ ಬಿಸಿ ಆಗುವುದುಂಟೆ? ಹಿಡಿ ಹೊಟ್ಟು ಎತ್ತಿ ಮೂಗಿಗೆ ಹಿಡಿದಳು. ಹುಳಿ ವಾಸನೆ. ಜಾಡಿಯ ಕಂಡಿಯಿಂದ ಗುಳ್ಳೆಯ ಜೊತೆ ಹನಿ ಸಿಡಿದು ಹೊಟ್ಟೆಲ್ಲ ತೇವವಾಗಿದೆ. ಮಿಲ್ಲಿನ ಹೊಟ್ಟು, ಕಾಳಿನ ಪುಡಿಯೂ ಅದರಲ್ಲಿ ಸೇರಿದೆ. ನೆಂದು ಕೊಳೆಯಲು ಹತ್ತಿದೆ. ಹಸಿ ಮೇವಿನ ಬಣವೆ, ತಿಪ್ಪೆ ಒಳಗೊಳಗೆ ಕಾಯುತ್ತವಲ್ಲ, ಹಾಗೆ ಕಾಯುತ್ತಿದೆ. ಇಟ್ಟಿಗಿಯಲ್ಲಿ ಹೋಲಿಕೆಗೆ ಇಟ್ಟ ಜಾಡಿಗೆ ಬಿಗಿ ಮುಚ್ಚಳ, ಅದರ ಹೊಟ್ಟು ಒಣಗಿಯೇ ಉಳಿದಿತ್ತು, ಅದಕ್ಕೇ ಕಾದಿರಲಿಲ್ಲ. ಖಾತ್ರಿಗೆಂದು ಜಾಡಿಯನ್ನೇ ಹೊರಗೆ ತೆಗೆದು, ಬರೀ ಹೊಟ್ಟು ಮುಚ್ಚಿಟ್ಟಳು. ಮರುದಿನವೂ ಪೆಟ್ಟಿಗೆ ಬಿಸಿ.

ಸಿಕ್ಕಿತು! ಸಭೆಗೆ ಇನ್ನೆರಡೇ ದಿನ.

ಆಗ ಫೋನ್ ಮಾಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಕೊಟ್ರಬಸಮ್ಮ ಮಾಡಲಿಲ್ಲ. ಗಂಡನಿಗೂ ಹೇಳಲಿಲ್ಲ. ಬದನೆಕಾಯಿ ಹೆಚ್ಚುತ್ತ ಹಡಗಲಿಯ ವೇದಿಕೆಯನ್ನು ಕಣ್ಣೆದುರು ಕಟ್ಟಿಕೊಂಡಳು. ಗೀತಾಂಜಲಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿರುತ್ತಾಳೆ. ಪ್ರೊಫೆಸರು ಪೆಟ್ಟಿಗೆಯೊಳಗೆ ಕೈ ಹಾಕುತ್ತಾರೆ. ಮೂಗಿನ ಹತ್ತಿರ ತರುತ್ತಾರೆ. ಸಭೆ ನಗುತ್ತದೆ, ತನ್ನನ್ನು ನೋಡಿ ಆವತ್ತು ಕ್ಲಾಸು ನಕ್ಕ ಹಾಗೆ. ತಾನೇನೂ ಮಾಡಬೇಕಾಗಿಲ್ಲ. ಸುಮ್ಮನೆ ಮುಂದಿನ ಸಾಲಿನಲ್ಲಿ ಕೂತರೆ ಸಾಕು.

ಫೋನ್ ಬಡಿಯಿತು. ಗೀತಾಂಜಲಿಯೇ.

"ಮೇಡಂ, ನಿಮ್ಮದ್ರಾಗ ಬಂತಾ ಬಿಸಿ?"

"ಬಂತು" ಅಂದಳು ಕೊಟ್ರಬಸಮ್ಮ. ಸುಳ್ಳಲ್ಲ. ಬಿಸಿ ಬಂದಿತ್ತು.

ಆ ಕಡೆಯಿಂದ ಚೀರಿದ ಸದ್ದು. "ಮಾವಾ, ಮೇಡಂಗೂ ಬಂತಂತ!" ಆಮೇಲೆ ಉಸಿರು ಹಿಡಿಯುತ್ತ, "ಮೇಡಂ, ನಾಡಿದ್ದು ಸಭ್ಯಾಗ ನನಗಿಂತ ಮೊದ್ಲು ನೀವಾ ಮಾತಾಡ್ಬೇಕು. ನೀವು ಹೌದು ಅಂದ್ರ ಯಾರು ಅಲ್ಲ ಅಂತಾರ?"

"ನೋಡೂಣು" ಅಂದು ಇಟ್ಟಳು.

ಬದನೆಕಾಯಿ ಅರ್ಧಕ್ಕೆ ನಿಂತಿತು. ಬೇಕಾದ್ದು ಕೈಗೆ ಬಂದಿತ್ತು, ಆದರೆ ಹೊಟ್ಟೆಯ ಉರಿ ಇಳಿಯಲಿಲ್ಲ, ಇನ್ನಷ್ಟು ಏರಿತು. ಯಾಕೆಂದು ಬಹಳ ಹೊತ್ತು ಕೂತು ಯೋಚನೆ ಮಾಡಿದಳು. ಆಮೇಲೆ ತಿಳಿಯಿತು. ಎಂಬತ್ತೊಂಬತ್ತರಲ್ಲಿ ತಪ್ಪಿದ ಆ ಇಬ್ಬರ ಹೆಸರು ಅವಳಿಗೆ ಇವತ್ತಿಗೂ ಬಾಯಿಪಾಠ. ಅವರ ತಪ್ಪು ಹಿಡಿದವರ ಹೆಸರು? ಒಂದೂ ನೆನಪಿಲ್ಲ. ನಾಡಿದ್ದು ಗೀತಾಂಜಲಿ ಬಿದ್ದರೂ ಸುತ್ತಲಿನ ತಾಲ್ಲೂಕೆಲ್ಲ ಮಾತಾಡುವುದು ಗೀತಾಂಜಲಿಯನ್ನೇ. ಮುಂದಿನ ಸಾಲಿನಲ್ಲಿ ಕೂತು ನಕ್ಕವಳನ್ನಲ್ಲ. ಅದಕ್ಕೂ ಮೇಲೆ, 'ನನಗೂ ಬಂತು' ಅಂದ ಮಾತು ಈಗ ತನ್ನದಾಗಿ ಕೂತಿದೆ. ಅವಳು ಬಿದ್ದರೆ ಈ ಮಾತೂ ಜೊತೆಗೇ ಬೀಳುತ್ತದೆ.

"ಕೆಟ್ಟ ಹುಡುಗಿ, ಬಿದ್ರೂ ಆಕೀದಾ ಗೆಲುವು" ಅಂತ ಬಾಯಿಬಿಟ್ಟು ಅಂದಳು.

"ಯಾರು?" ಅಂದ ಒಳಗೆ ಬಂದ ಗುರುಬಸವರಾಜ.

"ಯಾರಿಲ್ಲ. ನಾಳೆ ಮುಂಜಾನಿ ನಾನು ಇಟ್ಟಿಗಿಗೆ ಹೊಂಟೀನಿ. ಉಪ್ಪಿಟ್ಟು ನೀವಾ ಮಾಡ್ಕೋರಿ."

ಇಟ್ಟಿಗಿಯಲ್ಲಿ ಜಂಬಣ್ಣ ಪೆಟ್ಟಿಗೆಗೆ ಸುಣ್ಣಬಣ್ಣ ಮಾಡಿ, ಕುಂಕುಮ ಹಚ್ಚಿ ಇಟ್ಟಿದ್ದ. ಕೊಟ್ರಬಸಮ್ಮ ಚಹಾ ಕೂಡ ಮುಟ್ಟದೆ ವಿಷಯ ಹೇಳಿದಳು. ಗೀತಾಂಜಲಿಯ ಮುಖ ಕೆಂಪಾಯಿತು.

"ನಿನ್ನೆ ಬಂತು ಅಂದ್ರಿ. ಇವತ್ತು ಅಲ್ಲ ಅಂತೀರಿ. ಮೇಡಂ, ತಪ್ಪು ತಿಳೀಬ್ಯಾಡ್ರಿ, ಪೇಪರ್‌ನಾಗ ನನ್ನ ಫೋಟೋ ಬಂದಮ್ಯಾಲೆ ನೀವು ಇಲ್ಲಿಗೆ ಬಂದಾಗ ನಿಮ್ಮ ಮಾರಿ ನಾ ನೋಡೀನಿ. ನಿಮಗ ಹೊಟ್ಟಿಕಿಚ್ಚು."

"ಐತಿ" ಅಂದಳು ಕೊಟ್ರಬಸಮ್ಮ. "ಬೇಕಾದಷ್ಟೈತಿ. ಇಂಟರ್ನೆಟ್‌ನಾಗ ಓದಿದೆ ಅಂತ ಹೇಳಿದಿಯಲ್ಲ, ಆವತ್ತಿಂದ ಐತಿ. ಆದ್ರ ಈ ಪೆಟ್ಟಿಗ್ಯಾಗಿಂದು ನನ್ನ ಹೊಟ್ಟಿಕಿಚ್ಚಲ್ಲವ್ವಾ, ನಿಮ್ಮ ಮಾವನ ಹೊಟ್ಟಿನ ಕಿಚ್ಚು. ಕೈ ಹಾಕು. ಮೂಲಿಗೆ ಹಾಕು."

ಗೀತಾಂಜಲಿ ಕೈ ಹಾಕಲಿಲ್ಲ. ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. "ಇಂಟರ್ನೆಟ್ ಅಂತ ನಾ ಹೇಳಿಲ್ರಿ. ನಮ್ಮ ಮೇಡಂ ಹೇಳಿದ್ರು ಅಂದೆ. ಅವರಾ ಬರಕೊಂಡ್ರು."

ಅದು ನಿಜವೋ ಸುಳ್ಳೋ ಕೊಟ್ರಬಸಮ್ಮ ಇವತ್ತಿಗೂ ಕೇಳಿಲ್ಲ.

ಆಮೇಲೆ ಗೀತಾಂಜಲಿ ಎರಡೂ ಜಾಡಿ ಎತ್ತಿದಳು. ನಿಕ್ಕಲ್ ಜಾಡಿಯನ್ನು ಒಣ ಹೊಟ್ಟಿನ ಪೆಟ್ಟಿಗೆಗೆ, ಸಾದಾ ಜಾಡಿಯನ್ನು ತೇವದ ಪೆಟ್ಟಿಗೆಗೆ ಇಟ್ಟಳು. "ಬಿಸಿ ಜಾಡೀದು ಆಗಿದ್ರ ಜಾಡಿ ಹಿಂದ ಹೋಗ್ಲಿ. ಹೊಟ್ಟಿಂದು ಆಗಿದ್ರ ಇಲ್ಲೇ ಇರ್ಲಿ."

ಇದು ತನಗೆ ಹೊಳೆಯಲಿಲ್ಲವಲ್ಲ! ಕೊಟ್ರಬಸಮ್ಮನಿಗೆ ಅಲ್ಲಿಯೇ ಮತ್ತೊಮ್ಮೆ ಉರಿಯಿತು.

ಊಟ ಮಾಡಿದರು. ಯಾರಿಗೂ ರುಚಿ ಹತ್ತಲಿಲ್ಲ. ಹೊತ್ತು ಇಳಿಯುವ ಹೊತ್ತಿಗೆ ಸಾದಾ ಜಾಡಿ ಏರಿತ್ತು, ನಿಕ್ಕಲ್ ಜಾಡಿ ಇಳಿದಿತ್ತು. ಗೀತಾಂಜಲಿ ಕೊನೆಗೆ ಹೊಟ್ಟಿನ ಮೂಲೆಗೆ ಕೈ ಹಾಕಿದಳು. ಬಹಳ ಹೊತ್ತು ತೆಗೆಯಲಿಲ್ಲ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

"ಹಂಗಾದ್ರ ಸೂರ್ಯ ಇಲ್ಲೇನ್ರಿ?" ಅಂದ ಜಂಬಣ್ಣ. "ಹೊಳಲಿನ ಬೀಗರಿಗೆಲ್ಲ ಫೋನ್ ಮಾಡಿ ಬರ್ರಿ ಅಂದೀನಿ! ಈಗ ತಿಪ್ಪಿ ತೋರಿಸ್ಲೇನು?"

"ತೋರಿಸೂಣು ಮಾವಾ" ಅಂದಳು ಗೀತಾಂಜಲಿ. ಹೊಟ್ಟಿನೊಳಗಿಂದ ಕೈ ತೆಗೆದಳು. "ತಿಪ್ಪೀನಾ ತೋರಿಸೂಣು."

ಹಡಗಲಿಯ ಸಭೆ ತುಂಬಿತ್ತು. ಕೂಡ್ಲಿಗಿ, ಕೊಟ್ಟೂರು ಕಡೆಯಿಂದಲೂ ಮೇಷ್ಟ್ರುಗಳು ಬಂದಿದ್ದರು. ಗೀತಾಂಜಲಿ ರೇಷ್ಮೆ ಸೀರೆಯನ್ನೇ ಉಟ್ಟಿದ್ದಳು, ಮಲ್ಲಿಗೆಯನ್ನೂ ಮುಡಿದಿದ್ದಳು. ಪೆಟ್ಟಿಗೆ ತೆರೆದು, ತಾನು ಏನು ನಂಬಿದ್ದೆ, ಎಲ್ಲಿ ತಪ್ಪಿದೆ, ಜಾಡಿ ಅದಲುಬದಲು ಮಾಡಿದಾಗ ಏನಾಯಿತು ಎಂದು ಒಂದೊಂದಾಗಿ ಹೇಳಿದಳು. ತಪ್ಪು ಹಿಡಿದವರು ತನಗೆ ಇದನ್ನು ಮೊದಲು ಹೇಳಿಕೊಟ್ಟ ಕೊಟ್ರಬಸಮ್ಮ ಮೇಡಂ ಅಂತ ಎರಡು ಸಲ ಹೇಳಿದಳು. ಕಡೆಗೆ, "ನಮ್ಮ ಕಡಿ ಮಾತಿನಾಗ ಹೊಟ್ಟಿಗೂ ಹೊಟ್ಟಿಗೂ ಬಾಳ ಫರಕಿಲ್ರಿ. ಜನ ಇದನ್ನ ಹೊಟ್ಟಿಕಿಚ್ಚು ಅಂದಾರು. ಇದು ಹೊಟ್ಟಿನ ಕಿಚ್ಚು" ಅಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲಲಿಲ್ಲ. ಪ್ರೊಫೆಸರು ಎದ್ದು ಬಂದು, ಈ ಪೆಟ್ಟಿಗೆಯನ್ನು ನಮ್ಮ ಹುಡುಗರಿಗೆ ತೋರಿಸಲು ಕೊಡ್ತೀರಾ ಅಂತ ಕೇಳಿದರು.

ಆ ಮಾತು ನಂದು, ಅಂದುಕೊಂಡಳು ಮುಂದಿನ ಸಾಲಿನ ಕೊಟ್ರಬಸಮ್ಮ. ಕೈ ಚಪ್ಪಾಳೆ ತಟ್ಟುತ್ತಲೇ ಇತ್ತು. ಮಾತಷ್ಟೇ ಅಲ್ಲ. ಆ ತಪ್ಪೂ ತನ್ನದಾಗಬೇಕಿತ್ತು. ಜಾಡಿ ಇಟ್ಟು, ನಂಬಿ, ಕುಣಿದು, ತಪ್ಪಿ, ಎಲ್ಲರೆದುರು ತಪ್ಪಿದೆ ಅನ್ನುವ ಅವಕಾಶ ಆ ಹುಡುಗಿಗೆ ಸಿಕ್ಕಿತಲ್ಲ. ತನ್ನ ಜಾಡಿಯಲ್ಲಿ ತುಂಬಿದ್ದು ಉಪ್ಪಿನಕಾಯಿ.

ವಾಪಸು ಬರುವಾಗ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತರು. ಗೀತಾಂಜಲಿ ಮೊಳ ಮಲ್ಲಿಗೆ ಕೊಂಡು ಅರ್ಧ ಹರಿದು ಕೊಟ್ಟಳು. ಸ್ವಲ್ಪ ದೂರ ಹೋದ ಮೇಲೆ ಕೊಟ್ರಬಸಮ್ಮ ಕೇಳಿದಳು:

"ನಿಕ್ಕಲ್ ತಂತಿ ಇನ್ನೂ ಐತೇನವ್ವಾ?"

"ಐತ್ರಿ. ಯಾಕ್ರಿ?"

"ನಾ ಥರ್ಮಾಕೋಲ್‌ನಾಗ ಇಟ್ಟಿದ್ದೆ ನೋಡು. ನಾಲ್ಕ ದಿನಕ್ಕ ಬಿಚ್ಚಿಬಿಟ್ಟೆ. ಬರಬಾರದು ಅಂತ ಮನಸಿನಾಗಿತ್ತು. ಈ ಸಲ ಬ್ಯಾಸಿಗಿ ತನಕ ಬಿಡ್ತೀನಿ."

ಗೀತಾಂಜಲಿ ನಕ್ಕಳು. "ಏನೂ ಬರಂಗಿಲ್ಲ ಮೇಡಂ. ಇಷ್ಟು ವರ್ಷ ಎಷ್ಟು ಮಂದಿ ನೋಡ್ಯಾರ."

"ಬರಂಗಿಲ್ಲ ಅಂತ ನನಗೂ ಗೊತ್ತು. ಆದ್ರೂ ಇಡ್ತೀನಿ."

ಬಸ್ಸು ಒಂದು ನಿಲ್ದಾಣದಲ್ಲಿ ನಿಂತು ಹೊರಟಿತು. ಗೀತಾಂಜಲಿಯ ನಗು ನಿಧಾನಕ್ಕೆ ಇಳಿಯುತ್ತ ಬಂತು. ಕಿಟಕಿಯ ಕಡೆ ನೋಡಿದಳು, ತಿರುಗಿ ಮೇಡಂ ಕಡೆ ನೋಡಿದಳು.

"ಮೇಡಂ."

"ಏನು?"

"ಅಕಸ್ಮಾತ್ ಬಂದ್ರ, ಮೊದ್ಲು ನನಗ ಹೇಳ್ಬೇಕ್ರಿ. ಪೇಪರ್‌ನೋರಿಗಲ್ಲ. ನಿಮ್ಮ ಜಾಡೀನ ನಾ ನೋಡ್ಬೇಕು. ತಪ್ಪು ಇದ್ದಾ ಇರತೈತಿ."

ಆ ಮುಖವನ್ನು ಕೊಟ್ರಬಸಮ್ಮ ಚೆನ್ನಾಗಿ ಬಲ್ಲಳು. ಒಂದು ತಿಂಗಳಿಂದ ಕನ್ನಡಿಯಲ್ಲಿ ಅದನ್ನೇ ನೋಡಿದ್ದಳು. ಮಲ್ಲಿಗೆ ಮುಡಿದುಕೊಂಡು ಸೀಟಿಗೆ ಒರಗಿದಳು. ಪೇಪರಿನಲ್ಲಿ ಫೋಟೋ ಬಂದ ದಿನದಿಂದ ಉರಿಯುತ್ತಿದ್ದ ಹೊಟ್ಟೆ, ಇಟ್ಟಿಗಿಯ ಸ್ಟಾಪು ಬರುವಷ್ಟರಲ್ಲಿ, ತಣ್ಣಗಾಗಿತ್ತು.